ಪೇಟೆ ಕೆಲಸ ಬಿಟ್ಟು ತೋಟಕ್ಕೆ ವಾಪಸ್: ಮೊದಲ ವರ್ಷಕ್ಕೆ ಒಗ್ಗಿಕೊಳ್ಳುವುದು ಹೇಗೆ?

ಕೇಳಿದವರು: ಗಡಿ ತೋಟ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ–ಸಕಲೇಶಪುರ ಗಡಿಯಲ್ಲಿ ನಮ್ಮದು ಎಂಟು ಎಕರೆ ತೋಟ. ಐದೆಕರೆ ಅರೇಬಿಕಾ, ಮೂರೆಕರೆ ರೊಬಸ್ಟಾ, ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿಸಿದೆ. ಅಪ್ಪನಿಗೆ ಎಪ್ಪತ್ತೆರಡು, ಮಂಡಿನೋವಿನಿಂದ ಇಳಿಜಾರು ಹತ್ತಿ ಇಳಿಯುವುದು ಆಗುತ್ತಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಏಪ್ರಿಲ್ ಕೊನೆಗೆ ಸಂಸಾರ ಸಮೇತ ಊರಿಗೆ ಬರುವುದೆಂದು ತೀರ್ಮಾನವಾಗಿದೆ. ಹೆಂಡತಿ ಮನೆಯಿಂದಲೇ ಕಂಪನಿ ಕೆಲಸ ಮುಂದುವರಿಸುತ್ತಾಳೆ. ಮಗಳು ಮೂರನೇ ಕ್ಲಾಸು. ತೋಟದ ಕೆಲಸ ಕೇಳಿ ಕಲಿಯಬಹುದು ಅನ್ನುವ ಧೈರ್ಯವಿದೆ. ತಿಂಗಳ ಸಂಬಳಕ್ಕೆ, ವಾರದ ರಜೆಗೆ ಒಗ್ಗಿಹೋದವರು ಈ ಬದುಕಿಗೆ ಹೊಂದಿಕೊಳ್ಳುವುದು ಹೇಗೆ ಅನ್ನುವುದೇ ಚಿಂತೆ. ಹೀಗೆ ವಾಪಸ್ ಬಂದವರು ಎಲ್ಲಿ ಎಡವುತ್ತಾರೆ, ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು, ದಯವಿಟ್ಟು ಬಿಡಿಸಿ ಹೇಳಿ.

ಕಣದ ಮನೆ, ಮೂಡಿಗೆರೆ

ಬನ್ನಿ, ಒಳ್ಳೆಯ ತೀರ್ಮಾನ. ಈಗಲೇ ಒಂದು ಕಟ್ಟು ಹಾಕಿಕೊಳ್ಳಿ: ಈ ಸಲದ ಹೂವಿನಿಂದ ಮುಂದಿನ ಹೂವಿನವರೆಗೆ ತೋಟದಲ್ಲಿ ದೊಡ್ಡ ಬದಲಾವಣೆ ಯಾವುದನ್ನೂ ಮಾಡಬೇಡಿ. ಆ ವರ್ಷ ತೋಟದ ಲಯಕ್ಕೆ ನೀವು ಒಗ್ಗಿಕೊಳ್ಳುವುದಕ್ಕೇ ಬೇಕು.

ಪೇಟೆಯಿಂದ ಬಂದವರು ಮೊದಲ ಮೇ ತಿಂಗಳಲ್ಲೇ ಎರಡು ಕೆಲಸಕ್ಕೆ ಕೈಹಾಕುತ್ತಾರೆ. ತೋಟ ಕತ್ತಲಾಗಿದೆ ಅಂತ ಮರಗಸಿಯಲ್ಲಿ, ಅಂದರೆ ನೆರಳು ಮರದ ಕೊಂಬೆ ಸವರಿಸುವಾಗ, ಸಿಕ್ಕಿದ ಕೊಂಬೆಯನ್ನೆಲ್ಲ ಹೊಡೆಸುವುದು ಒಂದು, ಅರೇಬಿಕಾ ಕಿತ್ತು ರೊಬಸ್ಟಾ ಹಾಕಿಸುವುದು ಇನ್ನೊಂದು. ಬಿಳಿ ಕಾಂಡಕೊರಕಕ್ಕೆ ಬಿಸಿಲು ಬಿದ್ದ ಅರೇಬಿಕಾ ಕಾಂಡ ಅಂದರೆ ಪ್ರಾಣ. ಅದರ ದುಂಬಿ ಹಾರುವುದು ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಕಾಂಡದೊಳಗೆ ಕೊರೆಯುತ್ತ ಹೋಗುತ್ತದೆ. ಎಲೆ ಹಳದಿಯಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಿಂಗಳುಗಟ್ಟಲೆ ಆಗಿರುತ್ತದೆ. ಹಾಗಾಗಿ ಮರ ಕಡಿಸಿದ್ದಕ್ಕೂ ಗಿಡ ಹೋಗಿದ್ದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಕಿತ್ತು ಹೊಸದು ಹಾಕಿದರೆ ಲೆಕ್ಕಕ್ಕೆ ಸಿಗುವ ಫಸಲಿಗೆ ಮೂರು–ನಾಲ್ಕು ವರ್ಷ. ಸಂಬಳ ಬಿಟ್ಟ ವರ್ಷವೇ ಫಸಲನ್ನೂ ಬಿಟ್ಟರೆ ಮನೆ ನಡೆಸುವುದು ಹೇಗೆ?

ನಿಮ್ಮ ಕ್ಯಾಲೆಂಡರ್ ಇನ್ನು ಮೇಲೆ ಮಳೆ ನಕ್ಷತ್ರದ್ದು. ಜೂನ್ 7–8ಕ್ಕೆ ಮೃಗಶಿರ ಹುಟ್ಟುತ್ತದೆ, 21–22ಕ್ಕೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, 19–20ಕ್ಕೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ. ಮೃಗಶಿರದ ಒಳಗೆ ಮರಗಸಿ, ಮುಂಗಾರಿನ ಮೊದಲ ಗೊಬ್ಬರ, ಬೋರ್ಡೋ ಸಿಂಪಡಣೆ, ಬಸಿಗಾಲುವೆ ಬಿಡಿಸುವುದು ಮುಗಿದಿರಬೇಕು. ಪುನರ್ವಸು ಪುಷ್ಯದಲ್ಲಿ ತೋಟದೊಳಗೆ ನಿಮಗೆ ಹೆಚ್ಚು ಕೆಲಸವಿಲ್ಲ. ನೀರು ನಿಂತಿದೆಯಾ, ಮೆಣಸಿನ ಬುಡ ಸೊರಗುತ್ತಿದೆಯಾ ಅಂತ ನೋಡುವುದಷ್ಟೇ. ಸೆಪ್ಟೆಂಬರ್‌ನಲ್ಲಿ ಕಳೆ, ಹಿಂಗಾರಿನ ಗೊಬ್ಬರ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ, ಜೊತೆಗೆ ಮೆಣಸು. ಆಗ ಮಾರ್ಚ್‌ವರೆಗೂ ಭಾನುವಾರ ಅನ್ನುವುದಿಲ್ಲ. ಮದುವೆಗೆ ಹೋದರೂ ಕಾಫಿ ಒಣಗಿಸುವ ಕಣದ ಯೋಚನೆಯೇ.

ಒಂದು ಮಳೆಮಾಪಕ ತೆಗೆದುಕೊಳ್ಳಿ. ಅಂಗಳದಲ್ಲಿ ಮರದ ಮರೆ ಇಲ್ಲದ ಕಡೆ ನೆಟ್ಟು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ ಬರೆಯಿರಿ. ನಮ್ಮ ಕಡೆ ಲೆಕ್ಕ ಇಂಚು–ಸೆಂಟಿನಲ್ಲಿ: 25.4 ಮಿ.ಮೀ. ಒಂದು ಇಂಚು, ಅದೇ ನೂರು ಸೆಂಟ್. ಫೆಬ್ರವರಿ–ಮಾರ್ಚ್‌ನಲ್ಲಿ ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು–ಹತ್ತು ದಿನಕ್ಕೆ ಹೂ ಬಿಚ್ಚುತ್ತದೆ, ಆಮೇಲೆ ಎರಡು ಮೂರು ವಾರದೊಳಗೆ ಕಾಯಿ ನಿಲ್ಲಿಸುವ ಬ್ಯಾಕಿಂಗ್ ಮಳೆ ಬೇಕು. ಮೂವತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಸುಟ್ಟುಹೋಗುತ್ತದೆ. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದು ಈ ಅಂಕಿಯ ಮೇಲೆಯೇ ನಿಂತಿದೆ. ಅಪ್ಪನ ಹಳೆಯ ಡೈರಿಗಳಲ್ಲಿ ಈ ಲೆಕ್ಕ ಖಂಡಿತ ಇರುತ್ತದೆ, ಹುಡುಕಿ ತೆಗೆಯಿರಿ.

ಮೇ ತಿಂಗಳಲ್ಲಿ ನಿಮ್ಮ ಕೈಗೆ ಬರುವ ಮೊದಲ ಕೆಲಸ ಬೋರ್ಡೋ. ಆಳುಗಳಿಗೆ ಹೇಳಿ ಸುಮ್ಮನಿರಬೇಡಿ, ಮೊದಲ ಡ್ರಮ್ ನೀವೇ ಕಲಸಿ. ಎಲೆ ತುಕ್ಕಿಗೆ 0.5% ಸಾಕು, ಅಂದರೆ 200 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 100 ಲೀಟರ್ ನೀರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಳಿಬಿಟ್ಟರೆ ತಾನಾಗಿ ಕರಗುತ್ತದೆ. ಕಬ್ಬಿಣದ ಡ್ರಮ್ ಬೇಡವೇ ಬೇಡ, ತಾಮ್ರ ಅದಕ್ಕೇ ಹಿಡಿದುಕೊಳ್ಳುತ್ತದೆ. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣ ಕದಡಿ ಸೋಸಿ 100 ಲೀಟರ್ ಮಾಡಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತ, ಕೋಲಿನಿಂದ ತಿರುಗಿಸುತ್ತ ಇರಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಗರಣೆ ಗರಣೆಯಾಗಿ ನಾಜಲ್ ಕಟ್ಟುತ್ತದೆ. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹಿಡಿದಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಸ್ವಲ್ಪ ಸ್ವಲ್ಪ ಸೇರಿಸುತ್ತ ಅಲಗು ಬಿಳಿಯಾಗಿಯೇ ಬರುವವರೆಗೆ ನೋಡಿ. ಸುಣ್ಣ ಸಾಲದೆ ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ತುಕ್ಕು ಒಳಗೆ ಹೋಗುವುದು ಎಲೆಯ ಕೆಳಮೈಯಿಂದ, ಆದ್ದರಿಂದ ಲ್ಯಾನ್ಸ್ ಕೆಳಗಿನಿಂದ ಮೇಲಕ್ಕೆ ಹಿಡಿಯಬೇಕು. ಇದಿಷ್ಟನ್ನು ಒಮ್ಮೆ ಕೈಯಾರೆ ಮಾಡಿದ ಮೇಲೆ, ಸಿಂಪಡಣೆ ಎಲ್ಲಿ ಕಳಪೆಯಾಗಿದೆ ಅನ್ನುವುದು ಗಿಡ ನೋಡಿದರೇ ನಿಮಗೆ ಗೊತ್ತಾಗುತ್ತದೆ.

ಹಾಜರಿ ಪುಸ್ತಕ, ಸಕಲೇಶಪುರ

ಮೇಲಿನ ಅಣ್ಣ ಹೇಳಿದ್ದಕ್ಕೆ ಒಂದು ತಿದ್ದುಪಡಿ ಇದೆ. ನೆರಳು ಮುಟ್ಟಲೇಬಾರದು ಅಂತ ಹೊಸಬರು ಅರ್ಥ ಮಾಡಿಕೊಂಡುಬಿಟ್ಟಾರು. ಮರಗಸಿ ಪ್ರತಿವರ್ಷ ಆಗಲೇಬೇಕು, ಬಿಟ್ಟರೆ ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆ ರೋಗ ಬರುತ್ತದೆ. ಯಾವ ಮರ, ಎಷ್ಟು ಕೊಂಬೆ ಅನ್ನುವುದನ್ನು ಈ ವರ್ಷ ಅಪ್ಪ ಮತ್ತು ಹಳೆಯ ಕಸಿ ಆಳು ತೀರ್ಮಾನ ಮಾಡಲಿ. ನೀವು ಜೊತೆಗಿದ್ದು, ಈ ಮರ ಯಾಕೆ ಬಿಟ್ಟಿರಿ ಅಂತ ಪ್ರತಿ ಸಲ ಕೇಳಿ.

ಹೊಂದಿಕೊಳ್ಳುವ ಮಾತಿಗೆ ಬಂದರೆ, ಮೊದಲು ಬದಲಾಗಬೇಕಾದದ್ದು ಬೆಳಗಿನ ಹೊತ್ತು. ಹಾಜರಿ ಕರೆಯುವಾಗ ದಿನವೂ ಅಲ್ಲಿರಿ. ಮೊದಲ ಎರಡು ಮೂರು ತಿಂಗಳು ಬಾಯಿ ಬಿಡದಿದ್ದರೂ ನಡೆಯುತ್ತದೆ. ಯಾರು ಯಾವ ಕೆಲಸದಲ್ಲಿ ಗಟ್ಟಿ, ಯಾರಿಗೆ ಯಾರ ಜೊತೆ ಆಗುವುದಿಲ್ಲ, ಯಾರ ಮನೆಯಲ್ಲಿ ಮಗು ಹುಷಾರಿಲ್ಲ, ಇವೆಲ್ಲ ಹಾಜರಿ ಹೊತ್ತಿನಲ್ಲೇ ತಿಳಿಯುವುದು. ಕೆಲಸ ಹೇಳುವುದಿದ್ದರೆ ಮೇಸ್ತ್ರಿ ಮೂಲಕವೇ ಹೇಳಿ. ಆಳುಗಳಿಗೆ ನೇರವಾಗಿ ಒಂದು, ಮೇಸ್ತ್ರಿಗೆ ಒಂದು ಅಂದರೆ ಮೂರನೇ ದಿನ ಇಬ್ಬರೂ ನಿಮ್ಮ ಮಾತು ಕೇಳುವುದಿಲ್ಲ. ಕಚೇರಿಯಲ್ಲಿ ಮೀಟಿಂಗ್ ಕರೆದು ಎಲ್ಲರ ಎದುರು ತಪ್ಪು ತೋರಿಸುವ ಅಭ್ಯಾಸವಿದ್ದರೆ ಅದನ್ನು ಬೆಂಗಳೂರಿನಲ್ಲೇ ಬಿಟ್ಟು ಬನ್ನಿ. ಇಲ್ಲಿ ಹತ್ತು ಜನರ ಮುಂದೆ ಒಬ್ಬರನ್ನು ಬೈದರೆ ಕೊಯ್ಲಿನ ಹೊತ್ತಿಗೆ ಆ ಮನೆಯ ನಾಲ್ಕು ಆಳು ಪಕ್ಕದ ತೋಟದಲ್ಲಿ ಇರುತ್ತಾರೆ.

ಬಟವಾಡೆ ದಿನ ತಪ್ಪಿಸಬೇಡಿ. ಮುಂಗಡ ಕೊಡುವ ಪದ್ಧತಿ ನಿಮಗೆ ಸರಿ ಕಾಣದೆ ಇರಬಹುದು, ಆದರೂ ಏಕಾಏಕಿ ನಿಲ್ಲಿಸಬೇಡಿ. ಅಪ್ಪ ಬಾಯಿಮಾತಿನಲ್ಲಿ ಕೊಟ್ಟದ್ದನ್ನೆಲ್ಲ ಕೇಳಿ ಒಂದು ಪುಸ್ತಕಕ್ಕೆ ಇಳಿಸಿ. ಹೆಸರು, ದಿನ, ಕೊಟ್ಟದ್ದು, ವಾರಕ್ಕೆ ಹಿಡಿಯುವುದು ಎಷ್ಟು, ಇಷ್ಟಿದ್ದರೆ ಸಾಕು. ಆಳಿನ ಎದುರಿಗೇ ಬರೆದು ಓದಿ ಹೇಳಿ. ಅಪ್ಪನ ಕಾಲದ ನಂಬಿಕೆ ನಿಮ್ಮ ಮೇಲೆ ಬರುವುದು ಈ ಪುಸ್ತಕ ನೇರ ಇದ್ದಾಗಲೇ.

ಲೆಕ್ಕದ ಡೈರಿ, ಹಾಸನ

ದುಡ್ಡಿನ ವಿಷಯ ಹೇಳುತ್ತೇನೆ. ಹೆಚ್ಚಿನವರು ವಾಪಸ್ ಪೇಟೆಗೆ ಹೋಗುವುದು ತೋಟದ ಕೆಲಸ ಬಾರದೆ ಅಂತ ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಹೋಗುವುದು ಎರಡನೇ ನವೆಂಬರ್‌ನಲ್ಲಿ, ಕೈಯಲ್ಲಿ ಕಾಸಿಲ್ಲದೆ.

ನೀವು ಏಪ್ರಿಲ್ ಕೊನೆಗೆ ಬರುತ್ತೀರಿ. ಆ ಹೊತ್ತಿಗೆ ಈ ಸಲದ ಕಾಫಿ ಮಾರಿ ಆಗಿರುತ್ತದೆ, ದುಡ್ಡು ಸಾಲಕ್ಕೋ ಗೊಬ್ಬರಕ್ಕೋ ಹೋಗಿರುತ್ತದೆ. ನಿಮ್ಮ ಕೈಗೆ ಬರುವ ಮೊದಲ ಕಾಫಿ ದುಡ್ಡು ಮುಂದಿನ ಜನವರಿ–ಮಾರ್ಚ್‌ನದು. ಅಲ್ಲಿಗೆ ಒಂಬತ್ತರಿಂದ ಹನ್ನೊಂದು ತಿಂಗಳು. ತೋಟದ ಖರ್ಚು ಎರಡು ಕಡೆ ಉಬ್ಬುತ್ತದೆ: ಮೇ–ಜೂನ್‌ನಲ್ಲಿ ಗೊಬ್ಬರ, ಸಿಂಪಡಣೆ, ಮರಗಸಿಗೆ, ನವೆಂಬರ್–ಜನವರಿಯಲ್ಲಿ ಕೊಯ್ಲಿನ ಕೂಲಿಗೆ. ಎರಡನೆಯದೇ ಬಿಗಿ. ಹಣ್ಣು ಕೊಯ್ದ ವಾರವೇ ಬಟವಾಡೆ ಆಗಬೇಕು, ಕಾಫಿ ಒಣಗಿ ಮಾರಿ ದುಡ್ಡಾಗಲು ಇನ್ನೂ ವಾರಗಳು ಬೇಕು. ಆಗ ಕೈ ಖಾಲಿ ಇದ್ದವರು ಹಸಿ ಹಣ್ಣನ್ನೋ ಅರ್ಧ ಒಣಗಿದ್ದನ್ನೋ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಆದ್ದರಿಂದ ಒಂದು ವರ್ಷದ ಮನೆ ಖರ್ಚು ಒಂದು ಖಾತೆಯಲ್ಲಿ, ಕೊಯ್ಲಿನ ಕೂಲಿಯಷ್ಟು ಇನ್ನೊಂದು ಖಾತೆಯಲ್ಲಿ ಬೇರೆ ಬೇರೆಯಾಗಿಯೇ ಇಟ್ಟು ಕೆಲಸ ಬಿಡಿ. ಎರಡೂ ಒಂದೇ ಖಾತೆಯಲ್ಲಿದ್ದರೆ ಜುಲೈನಲ್ಲಿ ಮನೆ ರಿಪೇರಿಗೆ ಕೂಲಿಯ ದುಡ್ಡು ಹೋಗಿರುತ್ತದೆ. ಕಾಫಿ ಮಾರಿದ ಮೇಲೆ ಮನೆಯ ಪಾಲನ್ನು ಹನ್ನೆರಡು ಮಾಡಿ, ತಿಂಗಳ ಒಂದನೇ ತಾರೀಕು ಅಷ್ಟನ್ನೇ ನಿಮ್ಮ ಮನೆ ಖಾತೆಗೆ ಹಾಕಿಕೊಳ್ಳಿ. ಸಂಬಳದ ಅಭ್ಯಾಸ ಬಿಡಬೇಕಾಗಿಲ್ಲ, ಅದನ್ನೇ ಹೀಗೆ ಬಳಸಿಕೊಳ್ಳಬಹುದು.

ಆದಾಯದ ಅಂದಾಜನ್ನು ಒಂದು ವರ್ಷದ ಫಸಲಿನ ಮೇಲೆ ಕಟ್ಟಬೇಡಿ. ಅರೇಬಿಕಾ ಒಂದು ವರ್ಷ ತುಂಬಿ ಬಂದರೆ ಮರುವರ್ಷ ಸೋಲುತ್ತದೆ. ಅಪ್ಪನ ಪುಸ್ತಕದಿಂದ ಐದು ವರ್ಷದ ಮೂಟೆ ಲೆಕ್ಕ ತೆಗೆದು ಸರಾಸರಿ ಮಾಡಿ, ಬೆಲೆಯನ್ನು ಈಗಿನದಕ್ಕಿಂತ ಕೆಳಗೇ ಹಿಡಿಯಿರಿ.

ಮಾರುವಾಗ ಔಟ್‌ಟರ್ನ್ ಅರ್ಥವಾಗದಿದ್ದರೆ ಕೈಬಿಟ್ಟುಹೋಗುವ ದುಡ್ಡು ದೊಡ್ಡದು. 50 ಕೆ.ಜಿ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಯಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದೇ ಓ.ಟಿ. ಬೀಜಕ್ಕೆ ಕೆ.ಜಿ.ಗೆ 400 ರೂಪಾಯಿ ಅಂತ ಇಟ್ಟುಕೊಂಡರೆ, ಓ.ಟಿ. 28 ಬಂದ ಮೂಟೆಗೆ 11,200; 26 ಬಂದರೆ 10,400. ಮೂಟೆಗೆ 800 ರೂಪಾಯಿ ವ್ಯತ್ಯಾಸ. ಸ್ಯಾಂಪಲ್ ತೆಗೆಯುವಾಗ ಎದುರಿಗೇ ನಿಲ್ಲಿ. ಮೇಲಿನ ಎರಡು ಮೂಟೆಯಿಂದ ಮಾತ್ರ ತೆಗೆಯಲು ಬಿಡಬೇಡಿ, ರಾಶಿಯ ಬೇರೆ ಬೇರೆ ಕಡೆಯಿಂದ ತೆಗೆದು ಕಲಸಿ ತೂಗಿಸಿ. ಅದೇ ಸ್ಯಾಂಪಲನ್ನು ಇನ್ನೊಂದು ಕಡೆಯೂ ನೋಡಿಸಿ. ಒಟ್ಟು ಕಾಫಿಯನ್ನು ಮೂರು ಪಾಲು ಮಾಡಿ ಬೇರೆ ಬೇರೆ ವಾರದಲ್ಲಿ ಕೊಟ್ಟರೆ ಬೆಲೆಯ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ.

ತೆರಿಗೆಯದು ಚಿಕ್ಕ ಮಾತು. ಬೆಳೆದು ಒಣಗಿಸಿ ಹಾಗೇ ಮಾರಿದರೆ ಕೃಷಿ ಆದಾಯ. ಕ್ಯೂರಿಂಗ್, ಅಂದರೆ ಒಣ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ ಮಾರಿದರೆ ಲಾಭದ 25%, ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯವಾಗಿ ತೆರಿಗೆಗೆ ಬರುತ್ತದೆ. ಸ್ವಂತ ಬ್ರಾಂಡಿನ ಪುಡಿ ಮಾಡುವ ಯೋಚನೆ ಇದ್ದರೆ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೆಲಸ ಬಿಡುವ ಮುಂಚೆ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ನಿಮ್ಮ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಮೊದಲ 30 ದಿನ ಏನೂ ಸಿಗುವುದಿಲ್ಲ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ರಾಜೀನಾಮೆ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ.

ಬಚ್ಚಲ ಒಲೆ, ಬೇಲೂರು

ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಮನೆಯವರ ಬಗ್ಗೆ ಅರ್ಧ ವಾಕ್ಯ ಇದೆ. ಬದಲಾವಣೆ ನಿಮಗಿಂತ ಅವರಿಗೇ ಹೆಚ್ಚು. ನೀವು ಹುಟ್ಟಿದ ಮನೆಗೆ ಬರುತ್ತಿದ್ದೀರಿ, ಅವರು ಅತ್ತೆ–ಮಾವನ ಮನೆಗೆ ಬರುತ್ತಿದ್ದಾರೆ, ಅದೂ ಕಂಪನಿ ಕೆಲಸವನ್ನು ಹೊತ್ತುಕೊಂಡು. ಹಾಗಾಗಿ ಅವರ ಕೆಲಸಕ್ಕೆ ಬೇಕಾದದ್ದು ನೀವು ಬರುವ ಮುಂಚೆಯೇ ಸಿದ್ಧವಾಗಿರಲಿ.

ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಜಗಲಿಯ ಮೂಲೆಯಲ್ಲಿ ಮೇಜು ಹಾಕಿದರೆ ಆಗುವುದಿಲ್ಲ, ಮಲೆನಾಡಿನ ಮನೆಗೆ ನೆಂಟರು ಹೇಳಿ ಬರುವುದಿಲ್ಲ. ಬಂದವರಿಗೆ ಕಾಫಿ–ತಿಂಡಿ ಆಗಲೇಬೇಕು, ಆ ಹೊತ್ತಿಗೆ ಸೊಸೆ ಎಲ್ಲಿ ಅನ್ನುವ ಮಾತೂ ಬರುತ್ತದೆ. ಬೆಳಿಗ್ಗೆ ಇಷ್ಟರಿಂದ ಸಂಜೆ ಇಷ್ಟರವರೆಗೆ ಅವಳು ಕೆಲಸದಲ್ಲಿರುತ್ತಾಳೆ ಅಂತ ಅಮ್ಮನಿಗೂ ನೆಂಟರಿಗೂ ಹೇಳಬೇಕಾದವರು ನೀವು. ಅವರ ಬಾಯಿಂದ ಬಂದರೆ ಅದು ಬೇರೆಯೇ ಆಗುತ್ತದೆ. ಅಡುಗೆಮನೆ ಕೆಲಸಕ್ಕೆ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ಅಮ್ಮನನ್ನೂ ಕೂರಿಸಿಕೊಂಡೇ ಮಾತಾಡಿ ಗೊತ್ತು ಮಾಡಿ.

ಕರೆಂಟ್ ವಿಷಯ. ಮೂಡಿಗೆರೆ ಕಡೆಯಾದರೆ ಮೆಸ್ಕಾಂ, ಸಕಲೇಶಪುರ ಕಡೆಯಾದರೆ ಸೆಸ್ಕ್. ಯಾವುದಾದರೂ ಸರಿ, ಆಷಾಢದ ಗಾಳಿಗೆ ತಂತಿ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. 12 ವೋಲ್ಟ್ 150 ಎ.ಎಚ್. ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದ್ದರೂ ಬಳಕೆಗೆ ಸಿಗುವುದು ಸಾವಿರದ ಸುಮಾರು. ಲ್ಯಾಪ್‌ಟಾಪ್, ಮೋಡೆಮ್, ಒಂದು ಬಲ್ಬ್ ಸೇರಿ 80–90 ವ್ಯಾಟ್ ಆದರೆ ಒಂದು ಪೂರ್ತಿ ಕೆಲಸದ ದಿನ ಬರುತ್ತದೆ. ಫ್ರಿಜ್, ಮಿಕ್ಸಿಯನ್ನೂ ಅದೇ ಲೈನಿಗೆ ಕೊಟ್ಟರೆ ಮಧ್ಯಾಹ್ನಕ್ಕೇ ಮುಗಿಯಿತು. ಕೆಲಸದ ಕೋಣೆಗೆ ಬೇರೆ ಲೈನ್ ಎಳೆಸಿ, ಎರಡನೇ ದಿನಕ್ಕೆ ಸಣ್ಣ ಜನರೇಟರ್ ಇರಲಿ. ಏಪ್ರಿಲ್–ಮೇ ಸಿಡಿಲಿಗೆ ಮೋಡೆಮ್ ಸುಡುವುದು ಇಲ್ಲಿ ಮಾಮೂಲು, ಗುಡುಗು ದೂರ ಕೇಳಿದಾಗಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಬೇಕು. ಇಂಟರ್ನೆಟ್ ಎರಡು ಬೇಕು. ಒಂದು ಫೈಬರ್ ಇದ್ದರೆ ಇನ್ನೊಂದು ಮೊಬೈಲ್ ಸಿಮ್ಮಿನದು, ಬೇರೆ ಕಂಪನಿಯದು. ಮೊಬೈಲ್ ಟವರಿನಲ್ಲೂ ಡೀಸೆಲ್ ಮುಗಿಯುವ ದಿನಗಳಿವೆ, ಆಗ ಹತ್ತಿರದ ಪೇಟೆಯಲ್ಲಿ ಕೂರಲು ಒಂದು ಜಾಗ ನೋಡಿಟ್ಟಿರಿ.

ಅವರಿಗೆ ಗಾಡಿ ಓಡಿಸಲು ಬರುತ್ತದೆಯೇ? ಬಾರದಿದ್ದರೆ ಬೆಂಗಳೂರಿನಲ್ಲೇ ಕಲಿತು, ಲೈಸೆನ್ಸ್ ಮಾಡಿಸಿಕೊಂಡು ಬರಲಿ. ಇಲ್ಲಿ ಆಟೋ ಕರೆದ ತಕ್ಷಣ ಬರುವುದಿಲ್ಲ. ಔಷಧಿಗೂ ಬ್ಯಾಂಕಿಗೂ ಗಂಡನನ್ನೇ ಕಾಯಬೇಕಾಗಿ ಬಂದರೆ ಆರು ತಿಂಗಳಲ್ಲಿ ಯಾರಿಗಾದರೂ ಉಸಿರು ಕಟ್ಟುತ್ತದೆ.

ಮಳೆಗಾಲದ ಥಂಡಿಗೆ ಮೊದಲೇ ಸಿದ್ಧತೆ ಬೇಕು. ಮೃಗಶಿರದ ಒಳಗೆ ಸೌದೆ ಒಡೆಸಿ ಕೊಟ್ಟಿಗೆ ಸೇರಿಸಿರಿ. ಬಚ್ಚಲ ಒಲೆಯ ಮೇಲುಗಡೆ ಅಡ್ಡ ಬಿದಿರು ಕಟ್ಟಿದರೆ ಬಟ್ಟೆ ಒಣಗುತ್ತದೆ. ಚರ್ಮದ ಚಪ್ಪಲಿ, ಬೆಲ್ಟು, ಕಾಗದ ಪತ್ರ, ಕ್ಯಾಮೆರಾ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಬಿಸಿಲು ಕಂಡ ದಿನ ತೆಗೆದು ಒಣಗಿಸಿ. ಪೇಟೆಯಿಂದ ತರುವ ಪ್ಲೈವುಡ್ ಕಪಾಟು ಎರಡು ಮಳೆಗಾಲಕ್ಕೆ ಉಬ್ಬಿ ಬಿಚ್ಚುತ್ತದೆ, ಅಲ್ಲೇ ಮಾರಿ ಬನ್ನಿ.

ಮಗಳ ಶಾಲೆಗೆ ಟಿ.ಸಿ. ಜೊತೆ ಸ್ಯಾಟ್ಸ್ (ಸರ್ಕಾರದ ವಿದ್ಯಾರ್ಥಿ ದಾಖಲೆ) ಸಂಖ್ಯೆ ಬರೆದುಕೊಳ್ಳಿ. ಶಾಲೆ ಆರಿಸುವಾಗ ವ್ಯಾನು ಮನೆ ಬಾಗಿಲಿನಿಂದ ಎಷ್ಟು ದೂರಕ್ಕೆ ಬರುತ್ತದೆ, ದಾರಿಯಲ್ಲಿ ಮಳೆಗಾಲದಲ್ಲಿ ಮುಳುಗುವ ಸೇತುವೆ ಇದೆಯೇ ಅನ್ನುವುದನ್ನು ನೋಡಿ. ಮಳೆ ರಜೆಗಳನ್ನು ಆಮೇಲೆ ಶನಿವಾರ ಪೂರ್ತಿ ದಿನ ತರಗತಿ ಮಾಡಿ ಸರಿದೂಗಿಸುತ್ತಾರೆ, ಮಗುವಿಗೆ ಅದನ್ನು ಮೊದಲೇ ಹೇಳಿಡಿ.

ಪಹಣಿ ನೋಡಿ, ಚಿಕ್ಕಮಗಳೂರು

ಕಾಗದ ಪತ್ರಕ್ಕೆ ಅಪ್ಪ ಗಟ್ಟಿಯಿರುವಾಗಲೇ ಕೂರಿ. ಎಲ್ಲ ಸರ್ವೆ ನಂಬರಿನ ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ ತೆಗೆಸಿ ಒಂದು ಫೈಲ್ ಮಾಡಿ. ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ಅಕ್ಷರ ವ್ಯತ್ಯಾಸ ಇದ್ದರೆ ಈಗಲೇ ಸರಿಪಡಿಸಿ. ಫ್ರೂಟ್ಸ್ (ಸರ್ಕಾರದ ರೈತರ ದಾಖಲೆ) ನೋಂದಣಿ, ಸಬ್ಸಿಡಿ, ಬೆಳೆಸಾಲ ಎಲ್ಲ ಪಹಣಿದಾರರ ಹೆಸರಿಗೇ ಆಗುವುದು, ನೀವು ತೋಟ ನೋಡಿಕೊಂಡ ಮಾತ್ರಕ್ಕೆ ನಿಮ್ಮ ಖಾತೆಗೆ ಬರುವುದಿಲ್ಲ. ಎಂಟು ಎಕರೆಯಲ್ಲಿ ಹಿಡುವಳಿ ಎಷ್ಟು, ಒತ್ತುವರಿ ಎಷ್ಟು ಅನ್ನುವುದನ್ನು ಅಪ್ಪನ ಬಾಯಿಂದಲೇ ಕೇಳಿ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ. ಹೊಸ ಗಿಡ, ಹೊಸ ಕೆರೆ, ಮನೆ ಅಂತ ಖರ್ಚು ಮಾಡುವಾಗ ಅದು ಗೊತ್ತಿರಬೇಕು.

ಅಕ್ಕ–ತಂಗಿ, ಅಣ್ಣ–ತಮ್ಮ ಇದ್ದರೆ ನೀವು ಬರುವ ಮುಂಚೆ ಎಲ್ಲರನ್ನೂ ಕೂರಿಸಿ ಮಾತಾಡಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ನೀವು ನೋಡಿಕೊಳ್ಳುವ ಶ್ರಮಕ್ಕೆ ಏನು, ಹಾಕುವ ಸ್ವಂತ ದುಡ್ಡಿಗೆ ಏನು, ಉಳಿದ ಆದಾಯ ಹಂಚುವುದು ಹೇಗೆ, ಇವನ್ನು ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿಡಿ. ಬೆಲೆ ಚೆನ್ನಾಗಿರುವ ವರ್ಷ ಜಗಳ ಬರುವುದೇ ಇಲ್ಲಿ. ಪಾಲು ಮಾಡಿಕೊಳ್ಳುವುದಾದರೆ ಯಾರ ಪಾಲು ಎಲ್ಲಿ ಅಂತ ಸರ್ವೆಯವರು ಅಳೆದು ಕೊಡುವ 11ಇ ನಕ್ಷೆ ಬೇಕು, ಸರ್ವೆಗೆ ಸಮಯ ಹಿಡಿಯುತ್ತದೆ, ಅರ್ಜಿ ಮೊದಲೇ ಹಾಕಿ.

ಬಗನೆ ಮರ, ಆಲೂರು

ಆನೆ ಬಗ್ಗೆ ಯಾರೂ ಬರೆದಿಲ್ಲ. ಪೇಟೆಯಲ್ಲಿ ಬೆಳಿಗ್ಗೆ ಐದಕ್ಕೆ ವಾಕಿಂಗ್ ಹೋಗುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಬೆಳಕು ಸರಿಯಾಗಿ ಹರಿಯುವವರೆಗೆ, ಸಂಜೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಾಲ್ನಡಿಗೆ ಬೇಡ, ಬೈಕಂತೂ ಬೇಡವೇ ಬೇಡ. ಅರಣ್ಯ ಇಲಾಖೆಯವರು ಆನೆ ಇರುವ ಜಾಗದ ಸಂದೇಶ ಕಳಿಸುತ್ತಾರೆ, ನಿಮ್ಮ ವಲಯದ ಗುಂಪಿಗೆ ನಂಬರ್ ಸೇರಿಸಿಕೊಳ್ಳಿ, ಹಾಜರಿಗೆ ಮೊದಲು ನೋಡಿ ಆಳುಗಳಿಗೂ ಹೇಳಿ. ಹಲಸು ಹಣ್ಣಾಗಲು ಬಿಡಬೇಡಿ. ಮನೆ ಸುತ್ತ, ಆಳುಗಳ ಲೈನ್ ಮನೆ ಸುತ್ತ ಇರುವುದನ್ನು ಎಳೆಯದರಲ್ಲೇ ಇಳಿಸಿಬಿಡಿ. ಬಗನೆ, ಬಾಳೆಯೂ ಆನೆಯನ್ನು ಎಳೆದು ತರುತ್ತವೆ.

ಕೆಸರಿನಲ್ಲಿ ಕೆಲಸ ಮಾಡಿ ಎರಡು ದಿನ ಜ್ವರ, ಮೀನಖಂಡ ನೋವು ಬಂದರೆ ಇಲಿಜ್ವರ ಇರಬಹುದು, ಮಾತ್ರೆ ನುಂಗಿ ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆ ಬೇಸಿಗೆಯಲ್ಲಿ ಕಾಡಿನಂಚಿಗೆ ಹೋಗುವುದಿದ್ದರೆ ಮಂಗನ ಕಾಯಿಲೆಯ ಉಣ್ಣೆಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬೇರೆ ಒಗೆಯಿರಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ, ಕೈಕಾಲು ಅಲುಗಾಡಿಸದೆ ನೇರ ತಾಲೂಕು ಆಸ್ಪತ್ರೆಗೆ.

ಗಡಿ ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಮಾತು ಉಳಿದಿವೆ. ಅಪ್ಪ ಜವಾಬ್ದಾರಿ ಕೊಡುತ್ತೇನೆ ಅನ್ನುತ್ತಾರೆ, ಆದರೆ ಏನು ಕೇಳಿದರೂ ಬೇಡ ಅನ್ನುತ್ತಾರೆ. ಅವರಿಗೆ ನೋವಾಗದಂತೆ ಇದನ್ನು ಹೇಗೆ ನಡೆಸುವುದು? ಇನ್ನು, ಜುಲೈ ತಿಂಗಳ ಖಿನ್ನತೆಯ ಬಗ್ಗೆ ಪರಿಚಯದ ಹಲವರು ಎಚ್ಚರಿಸಿದ್ದಾರೆ. ಅದು ಅಷ್ಟು ದೊಡ್ಡದೇ?

ಕಣದ ಮನೆ, ಮೂಡಿಗೆರೆ

ಅಪ್ಪನಿಗೆ ಕಣ ಕೊಡಿ. ಸಮಾಧಾನಕ್ಕೆ ಅಂತ ಹೇಳುತ್ತಿಲ್ಲ, ಇಡೀ ವರ್ಷದ ಬೆಲೆ ನಿಲ್ಲುವುದೇ ಅಲ್ಲಿ. ಮಂಡಿ ನೋವಿದ್ದವರು ಕುರ್ಚಿ ಹಾಕಿಕೊಂಡು ಕೂತು ಮಾಡಬಹುದಾದ, ಆದರೆ ಹೊಸಬರ ಕೈಗೆ ಬೇಗ ಹತ್ತದ ಕೆಲಸ ಅದು. ಚೆರ್ರಿ ಒಣಗಲು ಒಳ್ಳೆಯ ಬಿಸಿಲಿದ್ದರೆ 12–15 ದಿನ, ಹಸಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್‌ಗೆ 7–10 ದಿನ. ದಪ್ಪ ಹರಡಿದರೆ ಅಡಿಯಲ್ಲಿ ಬೂಷ್ಟು, ಗಂಟೆಗೊಮ್ಮೆ ಎಳೆಯದಿದ್ದರೆ ಮೇಲೊಂದು ಬಣ್ಣ ಕೆಳಗೊಂದು ಬಣ್ಣ, ಸಂಜೆ ರಾಶಿ ಮಾಡಿ ಹೊದಿಸದಿದ್ದರೆ ಇಬ್ಬನಿಗೆ ಮತ್ತೆ ನೀರು ಕುಡಿಯುತ್ತದೆ. ತೇವ ಹತ್ತು–ಹನ್ನೊಂದು ಶೇಕಡಾಕ್ಕೆ ಇಳಿದಾಗ ಮೂಟೆ ಕಟ್ಟಬೇಕು. ಹೆಚ್ಚು ಒಣಗಿದರೆ ತೂಕ ಹೋಯಿತು, ಕಡಿಮೆಯಾದರೆ ಗೋಡೌನಿನಲ್ಲಿ ಬಿಸಿಯಾಗಿ ಬಣ್ಣ ಕೆಡುತ್ತದೆ. ತೇವ ಅಳೆಯುವ ಮೀಟರ್ ತಂದುಕೊಡಿ. ಅವರು ಮುಷ್ಟಿಯಲ್ಲಿ ಹಿಡಿದು ಕುಲುಕಿ ಶಬ್ದ ಕೇಳಿ ಹೇಳಿದ್ದನ್ನೂ ಮೀಟರ್ ತೋರಿಸಿದ್ದನ್ನೂ ಪಕ್ಕಪಕ್ಕ ಬರೆಯುತ್ತ ಹೋಗಿ, ಒಂದು ಕೊಯ್ಲಿನಲ್ಲಿ ನಿಮ್ಮ ಕಿವಿಗೂ ಅದು ಬರುತ್ತದೆ.

ಅವರ ಬೇಡಕ್ಕೆ ವಾದ ಮಾಡಬೇಡಿ. ಹೊಸದೇನಾದರೂ ಮಾಡಲೇಬೇಕು ಅನ್ನಿಸಿದರೆ ರಸ್ತೆ ಪಕ್ಕದ ಅರ್ಧ ಎಕರೆ ಕೇಳಿ ತೆಗೆದುಕೊಳ್ಳಿ. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಅದರಂತೆ ಸುಣ್ಣ–ಗೊಬ್ಬರ ಹಾಕಿ, ಉಳಿದದ್ದಕ್ಕೆ ಅಪ್ಪನ ಲೆಕ್ಕದಂತೆ. ಎರಡೂ ಕಡೆಯ ಹಣ್ಣನ್ನು ಬೇರೆ ತೂಗಿಸಿ. ಪರೀಕ್ಷೆಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಇದೆ, ಹಾಸನ ಕಡೆಯವರಿಗೆ ಕಂದಲಿಯದು, ಕಾಫಿಯದೇ ಬೇಕಾದರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, 1925ರಿಂದ ಇದೇ ಕೆಲಸ ಮಾಡುತ್ತಿದೆ. ಮಗ ತಂದ ವರದಿಗಿಂತ ಕಣದಲ್ಲಿ ತೂಗಿದ ಹಣ್ಣನ್ನು ಅಪ್ಪ ಬೇಗ ಒಪ್ಪುತ್ತಾರೆ.

ಬಚ್ಚಲ ಒಲೆ, ಬೇಲೂರು

ಜುಲೈ ದೊಡ್ಡದೇ. ಮೂರು ವಾರ ಬಿಸಿಲಿಲ್ಲ, ಫೋನ್ ಇಲ್ಲ, ತೋಟದಲ್ಲಿ ಕೆಲಸವಿಲ್ಲ, ಶಿರಾಡಿಯೋ ಚಾರ್ಮಾಡಿಯೋ ಬಂದ್ ಆಗಿರುತ್ತದೆ. ಪೇಟೆಯಲ್ಲಿ ದಿನದ ಲೆಕ್ಕ ಬೇರೆಯವರು ಹಾಕಿಕೊಡುತ್ತಿದ್ದರು, ಇಲ್ಲಿ ಆ ಕಟ್ಟು ಇಲ್ಲ. ತಡವಾಗಿ ಏಳುವುದು, ಮಧ್ಯಾಹ್ನ ಮಲಗುವುದು, ಸಂಜೆಗೆ ಕುಡಿಯಲು ಕೂರುವುದು, ಹೀಗೇ ಶುರುವಾಗುತ್ತದೆ. ಆ ತಿಂಗಳಿಗೆ ಅಂತಲೇ ಕೂತು ಮಾಡುವ ಕೆಲಸ ಉಳಿಸಿಕೊಳ್ಳಿ: ಹಳೆಯ ಡೈರಿಯ ಮಳೆ ಲೆಕ್ಕ ಕಂಪ್ಯೂಟರಿಗೆ ಏರಿಸುವುದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಬಿಚ್ಚಿ ತೊಳೆದು ಬೇರಿಂಗ್ ಬದಲಿಸುವುದು, ಸ್ಪ್ರೇಯರ್ ವಾಷರ್, ಏಣಿ, ಟಾರ್ಪಾಲ್ ಸರಿಮಾಡುವುದು. ವಾರಕ್ಕೆ ಒಂದು ದಿನ ಮಳೆ ಎಷ್ಟೇ ಇದ್ದರೂ ಪೇಟೆಗೆ ಹೋಗಿ ನಾಲ್ಕು ಜನರ ಜೊತೆ ಕೂತು ಬನ್ನಿ. ಬೆಳೆಗಾರರ ಸಂಘದ ಸಭೆ, ಶಟಲ್ ಕೋರ್ಟ್, ಏನಾದರೂ ಸರಿ. ಗಂಡ ಹೆಂಡತಿ ಇಬ್ಬರೂ ಹೋಗಿ. ನಿದ್ದೆ ಎರಡು ವಾರ ಕೆಟ್ಟರೆ, ಯಾರ ಜೊತೆಯೂ ಮಾತು ಬೇಡ ಅನ್ನಿಸಿದರೆ, ಮಳೆ ನಿಂತ ಮೇಲೆ ಸರಿಹೋಗುತ್ತದೆ ಅಂತ ಕಾಯಬೇಡಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಹಾಜರಿ ಪುಸ್ತಕ, ಸಕಲೇಶಪುರ

ಕೊನೆಗೆ ದಿನಾಂಕದ ಮಾತು. ಏಪ್ರಿಲ್ ಕೊನೆ ಮಗಳ ಶಾಲೆಗೆ ಸರಿ, ನಿಮಗೆ ತಡ. ಆ ಹೊತ್ತಿಗೆ ಕೊಯ್ಲು, ಮಾರಾಟ, ಹೂಮಳೆ ಎಲ್ಲ ಮುಗಿದು, ವರ್ಷದ ಮುಖ್ಯವಾದ ಮೂರೂ ನಿಮ್ಮ ಕಣ್ಣಿಗೆ ಬೀಳದೆ ಹೋಗುತ್ತವೆ. ಉಳಿದ ರಜೆ ಎಲ್ಲ ಒಟ್ಟು ಹಾಕಿ ಫೆಬ್ರವರಿಯಲ್ಲಿ ಎರಡು ವಾರ ಒಬ್ಬರೇ ಬನ್ನಿ. ರೊಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ. ಬೆಳಿಗ್ಗೆ ಹಾಜರಿ, ಮಧ್ಯಾಹ್ನ ಕಣ, ಸಂಜೆ ಹಣ್ಣು ತೂಗುವಾಗ ಪುಸ್ತಕ ಹಿಡಿದು ಕೂರಿ. ಕೊಯ್ಲು ಮುಗಿದ ಸಾಲಿನಲ್ಲಿ ಉದುರಿದ ಕಾಯಿ ಆರಿಸುತ್ತಾರೋ ಇಲ್ಲವೋ ನೋಡಿ, ಬಿಟ್ಟರೆ ಅದರಲ್ಲೇ ಕಾಯಿಕೊರಕ ಮುಂದಿನ ಫಸಲಿಗೆ ಕಾದು ಕೂತಿರುತ್ತದೆ. ಬರುವಾಗ ಮಳೆಮಾಪಕ, ತೇವದ ಮೀಟರ್ ಎರಡನ್ನೂ ತನ್ನಿ, ಬೂಟು ಮಾತ್ರ ಇಲ್ಲೇ ಪೇಟೆಯಲ್ಲಿ ತೆಗೆದುಕೊಳ್ಳಿ, ಮೊಣಕಾಲಿನವರೆಗಿನ ಗಮ್‌ಬೂಟ್, ಒಂದು ಸೈಜ್ ದೊಡ್ಡದು, ಜಿಗಣೆ ಕಾಲಕ್ಕೆ ದಪ್ಪ ಕಾಲುಚೀಲ ಹಿಡಿಸುವ ಹಾಗೆ.